ಹಳ್ಳಿ ಸುತ್ತೋ ಕೆಲಸಕ್ಕ ಬಾಯಿ ಇದ್ದವನೇ ಬೇಕೇನ್ರಿ?

ಗಂಗಾವತಿ ಬೀಜದಂಗಡಿ:
ನಮಸ್ಕಾರ್ರಿ ಎಲ್ಲರಿಗೂ. ಬೀಜ-ಗೊಬ್ಬರದ ಅಂಗಡಿಗೆ ಹಳ್ಳಿ ಸುತ್ತೋ ಹುಡುಗ ಬೇಕಾಗ್ಯಾನ. ಕಾರಟಗಿ, ಸಿಂಧನೂರು ಕಡೆ ಭತ್ತದ ಊರುಗಳು, ದಿನಕ್ಕ ಆರೇಳು ಹಳ್ಳಿ. ಇಬ್ಬರು ಬಂದಾರ. ಒಬ್ಬ ಬಂದ ಹತ್ತು ನಿಮಿಷದಾಗ ಗುಮಾಸ್ತನ ಊರು, ಹಮಾಲರ ಮನಿ ಮಂದಿ ಎಲ್ಲಾ ಕೇಳಿ ತಿಳ್ಕೊಂಡು, ತಾನೇ ಚಾ ಹೇಳಿಬಿಟ್ಟ. ಇನ್ನೊಬ್ಬ ಕೇಳಿದ್ದಕ್ಕಷ್ಟ ಉತ್ತರ, ಅದೂ ಮೆಲ್ಲಗ. ಅಂಗಡ್ಯಾಗಿನವರೆಲ್ಲ ಮೊದಲನೆಯವನ್ನ ತಗೋರಿ ಅಂತಾರ. ಇಂಥ ಮಂದ್ಯಾಗ ಬೆರೆಯೋ ಸ್ವಭಾವದವರು ನಿಜಕ್ಕೂ ಈ ಕೆಲಸಕ್ಕ ಹೊಂದ್ತಾರೇನ್ರಿ? ತಗೊಂಡ್ರ ಏನು ಎಚ್ಚರ ಇರಬೇಕು?

ರಾಯಚೂರು, ಮನಃಶಾಸ್ತ್ರ ಪಾಠ ಮಾಡುವವರು:
ಮೊದಲು ಒಂದು ಗಂಟು ಬಿಡಿಸೋಣ. ನೀವು ಹೇಳಿದ ಬೆರೆಯೋ ಸ್ವಭಾವದವನನ್ನ ಮನಃಶಾಸ್ತ್ರದಲ್ಲಿ ಬಹಿರ್ಮುಖಿ ಅಂತಾರೆ, ಹಾಗಂದರೆ ಬಾಯಿಬಡಕ ಅಂತ ಅರ್ಥ ಅಲ್ಲ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬಹಿರ್ಮುಖಿ, ಅಂತರ್ಮುಖಿ ಅಂತ ವಿಂಗಡಣೆ ಮಾಡಿದಾಗ ಹೇಳಿದ್ದು ಮನಸ್ಸಿನ ಓಟ ಒಳಗಡೆಗೋ ಹೊರಗಡೆಗೋ ಅನ್ನೋದನ್ನ, ಮಾತಿನ ಲೆಕ್ಕವನ್ನಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಬಹಿರ್ಮುಖತೆಗೆ ಆರು ಎಳೆಗಳಿವೆ: ಆತ್ಮೀಯತೆ, ಮಂದಿ ನಡುವೆ ಇರೋ ಆಸೆ, ಮುಂದೆ ಬಿದ್ದು ಹೇಳೋ ಗಟ್ಟಿತನ, ಚಟುವಟಿಕೆ, ಥ್ರಿಲ್ ಹುಡುಕೋ ಚಪಲ, ಸುಮ್ಮನೆ ಖುಷಿಯಾಗಿರೋ ಗುಣ. ಆರೂ ಒಬ್ಬನಲ್ಲೇ ಸಮ ಇರಬೇಕು ಅಂತೇನಿಲ್ಲ. ನಿಮ್ಮ ಅಂಗಡಿಯಲ್ಲಿ ಆ ಹುಡುಗ ತೋರಿಸಿದ್ದು ಮೊದಲ ಎರಡನ್ನು. ಹಳ್ಳಿ ಸುತ್ತೋಕೆ ಮೂರನೆಯದೂ ನಾಲ್ಕನೆಯದೂ ಬೇಕು. ಬಾಕಿ ಕೇಳುವಾಗ ಮೂರನೆಯದು, ಏಪ್ರಿಲ್ ಬಿಸಿಲಲ್ಲಿ ಆರನೇ ಹಳ್ಳಿಗೆ ಬೈಕ್ ತಿರುಗಿಸುವಾಗ ನಾಲ್ಕನೆಯದು. ಚಾ ಹೇಳಿದ್ದರಿಂದ ಅವೆರಡೂ ಗೊತ್ತಾಗಲ್ಲ.

ಅಂಗಡಿಯವರು ಎಡವುವುದು ಇನ್ನೊಂದು ಕಡೆ. ಮೆಲ್ಲಗೆ ಮಾತಾಡಿದವನು ಅಂತರ್ಮುಖಿಯೋ ಅಂಜುಬುರುಕನೋ ಅಂತ ಒಂದು ಭೇಟಿಯಲ್ಲಿ ಹೇಳೋಕಾಗಲ್ಲ. ಅಂಜಿಕೆ ಅಂದರೆ ಮಂದಿ ಏನಂದಾರು ಅನ್ನೋ ಭಯ, ಬಳಕೆಯಾದಂತೆ ಎಷ್ಟೋ ಇಳಿಯುತ್ತೆ. ಅಂತರ್ಮುಖಿಗೆ ಭಯ ಇರಬೇಕಂತಿಲ್ಲ, ಗದ್ದಲ ಸಾಕು ಅನಿಸೋದು ಬೇಗ, ಅಷ್ಟೇ.

ಒಂದು ಮಾತು ಗಟ್ಟಿಯಾಗಿ ಹಿಡ್ಕೊಳ್ಳಿ. ಬಹಿರ್ಮುಖಿಯ ಎಂಜಿನ್ನಿಗೆ ಪೆಟ್ರೋಲು ಅಂದರೆ ಎದುರಿನವರ ಪ್ರತಿಕ್ರಿಯೆ. ನಗು, 'ಹೌದಪ್ಪ' ಅನ್ನೋ ಮಾತು, ಆದ ವ್ಯಾಪಾರ. ಮಿದುಳಿನಲ್ಲಿ ಆಸೆ ಕೆರಳಿಸೋ ಡೋಪಮಿನ್ ಅನ್ನೋ ರಾಸಾಯನಿಕದ ಮೇಲಿನ ಸಂಶೋಧನೆಗಳೂ ಬಹಿರ್ಮುಖಿಗಳನ್ನು ಲಾಭದ ಸುಳಿವು ಹೆಚ್ಚು ಎಳೆಯುತ್ತೆ ಅನ್ನೋ ಕಡೆಗೇ ವಾಲುತ್ತವೆ. ಆ ಸುಳಿವು ನೀವು ಎಲ್ಲಿಡ್ತೀರೋ ಅವನು ಅಲ್ಲಿಗೇ ಓಡ್ತಾನೆ.

ಬಳ್ಳಾರಿ, ಮಾರಾಟದವರಿಗೆ ತರಬೇತಿ:
ಮೇಲಿನ ಮಾತಿಗೆ ಒಂದು ಸೇರಿಸ್ತೀನಿ. ಅಮೆರಿಕದ ಮನಃಶಾಸ್ತ್ರಜ್ಞ ಆಡಮ್ ಗ್ರಾಂಟ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫೋನಿನಲ್ಲಿ ಮಾರಾಟ ಮಾಡುವ 340 ಮಂದಿಯ ಮೂರು ತಿಂಗಳ ಗಳಿಕೆ ನೋಡಿದ್ರು. ಮುಂದೆ ಬಂದವರು ಪೂರಾ ಬಹಿರ್ಮುಖಿಗಳೂ ಅಲ್ಲ, ಪೂರಾ ಅಂತರ್ಮುಖಿಗಳೂ ಅಲ್ಲ, ನಡುವಿನವರು. ಅತಿ ಉತ್ಸಾಹಿ ತಾನೇ ಮಾತಾಡಿ ಗಿರಾಕಿಯ ಮಾತನ್ನ ನುಂಗಿಬಿಡ್ತಾನೆ ಅನ್ನೋದು ಅದಕ್ಕೆ ಕೊಟ್ಟ ವಿವರಣೆ. ಅದು ಅಮೆರಿಕದ ಫೋನ್ ಮಾರಾಟ, ನಮ್ಮ ಗದ್ದೆಬದು ಅಲ್ಲ ಅನ್ನೋದು ನೆನಪಿರಲಿ. ಆದ್ರೂ ಕಾರಣ ಇಲ್ಲೂ ಹೊಂದುತ್ತೆ.

ಪರೀಕ್ಷೆ ಹೀಗೆ ಮಾಡ್ರಿ, ಇಪ್ಪತ್ತು ನಿಮಿಷ ಸಾಕು. ಗುಮಾಸ್ತರನ್ನ ರೈತ ಅಂತ ಕೂಡಿಸಿ. 'ನಾಟಿ ಮಾಡಿ ತಿಂಗಳಾತು, ಭತ್ತ ಹಳದಿ ಆಗ್ಯದ' ಅಂತ ಇಷ್ಟೇ ಹೇಳಲಿ, ಉಳಿದದ್ದು ಹುಡುಗನೇ ಕೇಳಿ ತೆಗೀಬೇಕು. ಔಷಧಿಯ ಹೆಸರು ಬಾಯಿಗೆ ಬರೋ ಮುಂಚೆ ಎಷ್ಟು ಪ್ರಶ್ನೆ ಕೇಳ್ತಾನೆ ಎಣಿಸ್ರಿ. ಹಳದಿ ಮೊದಲು ಕೆಳಗಿನ ಹಳೇ ಎಲೆಗೆ ಬಂತೋ, ಮೇಲಿನ ಹೊಸ ಎಲೆಗೋ? ಕೆಳಗಿಂದ ಶುರುವಾದ್ರೆ ಸಾರಜನಕದ ಕೊರತೆ ಕಡೆ ಗುಮಾನಿ, ಹೊಸ ಎಲೆ ಬಿಳಿಚಿದ್ರೆ ಕಬ್ಬಿಣದ ಕಡೆ. ಎಲೆ ಮೇಲೆ ತುಕ್ಕಿನ ಚುಕ್ಕೆ ಇದ್ರೆ ಸತು. ಗದ್ದೆ ನಡುವೆ ಚಕ್ರದಂಗೆ ಸುಟ್ಟಿದ್ರೆ ಬುಡ ಬಿಡಿಸಿ ಕಂದು ಜಿಗಿಹುಳು ನೋಡ್ಬೇಕು. ಅಲ್ಲಿ 'ಇನ್ನೊಂದು ಚೀಲ ಯೂರಿಯಾ ಹಾಕು' ಅಂದ್ರೆ ಹುಳು ಇನ್ನೂ ಏರುತ್ತೆ, ನಿಮ್ಮ ಅಂಗಡಿ ಹೆಸರು ಕೆಡುತ್ತೆ. ಇಷ್ಟೆಲ್ಲ ಅವನಿಗೆ ಮೊದಲೇ ಗೊತ್ತಿರಬೇಕಂತಿಲ್ಲ, ಕಲಿಸಬಹುದು. ಕೇಳೋ ಚಾಳಿ ಐತಾ ನೋಡ್ರಿ. ಎರಡನೇ ಪ್ರಶ್ನೆ ರೈತ ಹೇಳಿದ ಉತ್ತರದಿಂದ ಹುಟ್ಟಿತಾ, ಇಲ್ಲ ಇವನ ತಲೆಯೊಳಗಿನ ಪಟ್ಟಿಯಿಂದ ಬಂತಾ, ಅದೇ ಮುಖ್ಯ.

ಮಾತು ಮುಗಿದ ಮೇಲೆ ಒಂದು ಹಾಳೆ ಕೊಟ್ಟು ಎಷ್ಟು ಎಕರೆ, ಯಾವ ದಿನ ನಾಟಿ, ಏನು ಹೊಡೆದಾರ, ಎಷ್ಟು ಹೊಡೆದಾರ ಅಂತ ಬರೆಸ್ರಿ. ಮಾತುಗಾರರು ಬೀಳೋದು ಬಹಳ ಸಲ ಇಲ್ಲೇ. ಮಾತಿನ ರುಚಿ ನೆನಪಿರುತ್ತೆ, ಅಂಕಿ ಇರಲ್ಲ.

ಗಂಗಾವತಿ ಬೀಜದಂಗಡಿ:
ಹಂಗಾದ್ರ ಮೆತ್ತನೆಯವನೇ ಪಾಡ ಅಂತೀರೇನ್ರಿ?

ಕೊಪ್ಪಳ, ಗೊಬ್ಬರದ ಹೋಲ್‌ಸೇಲು:
ಹಂಗೇನಿಲ್ಲ ಅಣ್ಣಾ. ಇಬ್ಬರಿಗೂ ಅದೇ ಪರೀಕ್ಷೆ ಕೊಡು. ಗೊತ್ತಿಲ್ಲದ ಊರಿನ ಕಟ್ಟಿ ಮ್ಯಾಲ ಹೋಗಿ ಕುಂತು ಅರ್ಧ ತಾಸಿನ್ಯಾಗ ನಾಲ್ಕು ಮಂದಿ ರೈತರನ್ನ ಪರಿಚಯ ಮಾಡ್ಕೊಳ್ಳೋದು ಸಣ್ಣ ಮಾತಲ್ಲ. ಅದು ಮೊದಲನೆಯವಗ ಬಿಟ್ಟಿ ಸಿಕ್ಕೈತಿ.

ತಗೊಂಡ್ರ ಮೂರು ಕಡೆ ಬಿಗಿ ಮಾಡಬೇಕು. ಎಲ್ಲಕ್ಕಿಂತ ದೊಡ್ಡದು ಉದ್ರಿ. ಎದುರಿನವರ ಮುಖ ಬಾಡಬಾರದು ಅನ್ನೋರಿಗೆ 'ಇಲ್ಲ' ಅನ್ನೋದು ಕಷ್ಟ. 'ಸುಗ್ಗಿಗೆ ಕೊಡ್ತೀನಿ ತಮ್ಮಾ' ಅಂದ್ರ ಚೀಲ ಇಳಿಸಿಬಿಡ್ತಾರ. ಅದಕ್ಕ ಉದ್ರಿ ಮಿತಿ ಅವನ ಕೈಯಾಗ ಇರಬಾರದು. 'ಸಾವ್ಕಾರನ್ನ ಕೇಳಿ ಹೇಳ್ತೀನಿ' ಅನ್ನೋ ಮಾತು ನೀನೇ ಅವಗ ಕೊಟ್ಟು ಕಳಿಸು, ಅವನ ಮುಖಾನೂ ಉಳೀತೈತಿ. ಕಮಿಷನ್ನು ಮಾರಿದ ಮ್ಯಾಲ ಕೊಡಬ್ಯಾಡ, ವಸೂಲಾದ ಮ್ಯಾಲ ಕೊಡು. ರಾಯಚೂರಿನವರು ಹೇಳಿದ್ರಲ್ಲ, ಸುಳಿವು ಇದ್ದ ಕಡೆ ಓಡ್ತಾನ ಅಂತ. ಮಾರಾಟದಾಗ ರೊಕ್ಕ ಇಟ್ರ ಮಾರಾಟಕ್ಕ ಓಡ್ತಾನ, ಬಾಕಿ ಪುಸ್ತಕ ನೀನು ನೋಡ್ತಾ ಕುಂದ್ರಬೇಕು.

ಎರಡನೇದು ಗೋದಾಮು. ಮಳಿಗಾಲದಾಗ ಸ್ಟಾಕ್ ಎಣಿಸಾಕ ಒಬ್ಬನ್ನೇ ಒಳಗ ಕೂಡಿಸಬ್ಯಾಡ. ಮಧ್ಯಾಹ್ನದೊಳಗ ಫೋನ್ ಹಿಡೀತಾನ, ಲೆಕ್ಕ ತಪ್ಪತೈತಿ. ಹಮಾಲರ ಜೋಡಿ ಕೂಗಿ ಎಣಿಸೋ ಕೆಲಸ ಆದ್ರ ಅವನೇ ಸರಿ.

ಮೂರನೇದು ಹಾಜರಿ. ವಾಪಸ್ ಬಂದಾಗ 'ಏನಾತು ಇವತ್ತು' ಅಂತ ಐದು ನಿಮಿಷ ನಿಂತು ಕೇಳು. ಇದು ಹೊಗಳಿಕಿ ಅಲ್ಲ, ಅವಗ ಊಟ ಇದ್ದಂಗ.

ರಾಯಚೂರು, ಮನಃಶಾಸ್ತ್ರ ಪಾಠ ಮಾಡುವವರು:
ದಣಿವಿನ ವಿಷಯ ಬಿಟ್ಟುಹೋಗಿತ್ತು. ಬಹಿರ್ಮುಖಿಗೆ ಮಂದಿ ಸಿಕ್ಕರೆ ದಣಿವೇ ಇಲ್ಲ ಅನ್ನೋದು ತಪ್ಪು. ಫಿನ್ಲೆಂಡಿನ ಅಧ್ಯಯನವೊಂದು, 2017ರದ್ದು: ಮಂದಿಯ ಜೊತೆ ಬೆರೆತು ಲವಲವಿಕೆಯಿಂದ ಇದ್ದ ಹೊತ್ತಿನಲ್ಲಿ ಖುಷಿ ಹೆಚ್ಚು, ಮೂರು ತಾಸಿನ ನಂತರ ದಣಿವೂ ಹೆಚ್ಚು. ಸ್ವಭಾವ ಯಾವುದೇ ಇರಲಿ, ಇದೇ ಕಥೆ. ಹಾಗಾಗಿ ಬೆಳಗ್ಗೆ ಏಳರಿಂದ ಹತ್ತೂವರೆ ಗದ್ದೆ, ಮಧ್ಯಾಹ್ನ ನೆರಳಲ್ಲಿ ಪುಸ್ತಕ ಬರೆಯೋದು, ಮತ್ತೆ ಸಂಜೆ ಐದರಿಂದ ಕಟ್ಟೆ. ಬಾಕಿ ಕೇಳೋ ಕೆಲಸ ಬೆಳಗಿನ ಹೊತ್ತಿಗೇ ಇರಲಿ, ದಣಿದ ಮೇಲೆ ಯಾರಾದರೂ ಬೇಗ ಒಪ್ಪಿಬಿಡ್ತಾರೆ. ಆಮೇಲೆ ಆ ಇನ್ನೊಬ್ಬ ಹುಡುಗನನ್ನ ಕೈಬಿಡಬೇಡಿ. ಬಾಕಿ ಪುಸ್ತಕಕ್ಕೂ, ಹಳೇ ಗಿರಾಕಿಗಳ ಭೇಟಿಗೂ ಬಳಸಿ ನೋಡಿ.

ಗಂಗಾವತಿ ಬೀಜದಂಗಡಿ:
ಆತ್ರಿ. ಸೋಮವಾರ ಇಬ್ಬರನ್ನೂ ಕರಸ್ತೀನಿ, ಗುಮಾಸ್ತಗ ರೈತನ ಪಾತ್ರ.

ಬಳ್ಳಾರಿ, ಮಾರಾಟದವರಿಗೆ ತರಬೇತಿ:
ಗುಮಾಸ್ತರಿಗೆ ಮೊದಲೇ ಹೇಳಿಡ್ರಿ. ಮೊದಲನೆಯವನು ಎಷ್ಟೇ ನಗಿಸಿದ್ರೂ, ಕೇಳದೆ ಒಂದು ಉತ್ತರಾನೂ ಬಿಟ್ಟುಕೊಡಬಾರದು.