ದರ ಕೇಳುವ ಇಮೇಲ್‌ಗಳಿಗೆ ತಾನಾಗಿಯೇ ಉತ್ತರ ಹೋಗುವಂತೆ ಮಾಡುವುದು ಹೇಗೆ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮಾರುಕಟ್ಟೆಯಲ್ಲಿ ನಮ್ಮದು ಒಣಮೆಣಸಿನಕಾಯಿ ದಲಾಲಿ ಅಂಗಡಿ. ಆವಕ ಜೋರಾಗುವ ಜನವರಿಯಿಂದ ಬೇಸಿಗೆಯವರೆಗೆ ನಮ್ಮ ರಾಜ್ಯದ ಮತ್ತು ಹೊರ ರಾಜ್ಯಗಳ ಖರೀದಿದಾರರು ಅಂಗಡಿಯ ಜಿಮೇಲ್‌ಗೆ ಬರೆಯುತ್ತಲೇ ಇರುತ್ತಾರೆ. ಡಬ್ಬಿಯ ದರವೆಷ್ಟು, ಕಡ್ಡಿಯ ದರವೆಷ್ಟು (ಇವೆರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು), ಸ್ಯಾಂಪಲ್ ಕಳಿಸುತ್ತೀರಾ ಎಂಬವೇ ಹೆಚ್ಚು. ಟೆಂಡರ್ ನಡೆಯುವ ದಿನ ನಾವೆಲ್ಲ ಮಾರುಕಟ್ಟೆಯ ಅಂಗಳದಲ್ಲೇ ಇರುವುದರಿಂದ ಸಂಜೆಯವರೆಗೆ ಒಂದಕ್ಕೂ ಉತ್ತರಿಸಲು ಆಗುವುದಿಲ್ಲ. ಅಷ್ಟರಲ್ಲಿ ಕೇಳಿದವರು ಬೇರೆ ಅಂಗಡಿಯನ್ನು ಹಿಡಿದಿರುತ್ತಾರೆ.

ಟೆಂಪ್ಲೇಟ್, ಅಂದರೆ ಸಿದ್ಧ ಉತ್ತರ, ಬರೆದಿಟ್ಟು, "ದರ" ಎಂಬ ಪದವಿರುವ ಪತ್ರಗಳಿಗೆ ಅದು ಹೋಗುವಂತೆ ಫಿಲ್ಟರ್ ಹಾಕಿದ್ದೇನೆ. ಆದರೆ ಅರ್ಧಕ್ಕರ್ಧ ಪತ್ರಗಳು ಫಿಲ್ಟರ್‌ಗೆ ಸಿಗುತ್ತಿಲ್ಲ. ಇನ್ನೊಂದೆಡೆ, ದರ ಮಾತಾಡಿ ಮುಗಿಸಿದ ಹಳೆಯ ಪಾರ್ಟಿಗಳಿಗೂ ಅದೇ ಉತ್ತರ ಹೋಗುತ್ತಿದೆ. ಹುಬ್ಬಳ್ಳಿಯ ನಮ್ಮ ಕಚೇರಿಯಲ್ಲಿ ಸ್ವಂತ ಡೊಮೇನಿನ ವಿಳಾಸವನ್ನು ಔಟ್‌ಲುಕ್‌ನಲ್ಲಿ ಬಳಸುತ್ತೇವೆ. ರಾತ್ರಿ ಕಂಪ್ಯೂಟರ್ ಆರಿಸಿದ ಮೇಲೂ ಅಲ್ಲಿಂದ ಉತ್ತರ ಹೋಗುವಂತೆ ಮಾಡಬಹುದೇ? ತಿಳಿದವರು ದಯವಿಟ್ಟು ತಿಳಿಸಿರಿ.

ಉತ್ತರ: ಹುಬ್ಬಳ್ಳಿಯ ಸಿಸ್ಟಂ ನಿರ್ವಾಹಕ

ನಮಸ್ಕಾರ ಸರ್. ಓದುವ ಉಳಿದವರಿಗೂ ಉಪಯೋಗವಾಗಲೆಂದು ಮೊದಲ ಹಂತವನ್ನು ಚುಟುಕಾಗಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಟೆಂಪ್ಲೇಟ್ಸ್ ಸೌಲಭ್ಯವನ್ನು ಚಾಲೂ ಮಾಡಬೇಕು. ಹೊಸ ಪತ್ರದಲ್ಲಿ ಒಕ್ಕಣೆ ಬರೆದು, ಕೆಳಗಿನ ಮೂರು ಚುಕ್ಕಿಗಳ ಮೆನುವಿನಿಂದ ಅದನ್ನು ಟೆಂಪ್ಲೇಟ್ ಆಗಿ ಉಳಿಸಿ, ಫಿಲ್ಟರ್ ರಚಿಸುವಾಗ "ಸೆಂಡ್ ಟೆಂಪ್ಲೇಟ್" ಎಂಬಲ್ಲಿ ಅದನ್ನು ಆರಿಸಬೇಕು.

ನಿಮ್ಮ ಫಿಲ್ಟರ್ ಅರ್ಧ ಪತ್ರಗಳನ್ನು ಬಿಡುವುದಕ್ಕೆ ಕಾರಣವಿದೆ. ಜಿಮೇಲ್ ಹುಡುಕುವುದು ಇಡೀ ಪದವನ್ನೇ ಹೊರತು ಪದದ ತುಣುಕನ್ನಲ್ಲ. ಬರೆಯುವವರು "ದರವೆಷ್ಟು", "ದರಪಟ್ಟಿ", "ದರಗಳನ್ನು" ಎಂದೆಲ್ಲ ಬರೆಯುತ್ತಾರೆ; ಇವುಗಳಲ್ಲಿ ಯಾವುದೂ "ದರ" ಎಂಬ ಬಿಡಿ ಪದಕ್ಕೆ ಹೊಂದುವುದಿಲ್ಲ. "ರೇಟ್" ಎನ್ನುವವರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೂ ಬೇರೆ. ಎಲ್ಲ ರೂಪಗಳನ್ನೂ ಒಂದೊಂದಾಗಿ ಸೇರಿಸುತ್ತ ಹೋಗಬಹುದು, ಆದರೆ ಪ್ರತ್ಯಯ ಹತ್ತುವ ನಮ್ಮ ಭಾಷೆಯಲ್ಲಿ ಆ ಪಟ್ಟಿ ಮುಗಿಯುವಂಥದ್ದಲ್ಲ.

ಆದ್ದರಿಂದ ಪದದ ಬೆನ್ನು ಬಿಟ್ಟು ವಿಳಾಸವನ್ನು ಹಿಡಿಯಿರಿ. ನಿಮ್ಮ ಜಿಮೇಲ್ ಹೆಸರಿನ ನಂತರ, ಅಟ್ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ "ದರ" ಎಂದು ಸೇರಿಸಿದರೂ ಪತ್ರ ನಿಮ್ಮ ಅದೇ ಪೆಟ್ಟಿಗೆಗೆ ಬರುತ್ತದೆ; ಇದಕ್ಕೆ ಹೊಸ ಖಾತೆ ಬೇಕಿಲ್ಲ. ವಿಸಿಟಿಂಗ್ ಕಾರ್ಡ್‌ನಲ್ಲಿಯೂ ಜಾಹೀರಾತಿನಲ್ಲಿಯೂ ಈ ವಿಳಾಸವನ್ನೇ ಮುದ್ರಿಸಿ, ಫಿಲ್ಟರ್‌ನ "ಟು" ಜಾಗದಲ್ಲಿ ಅದನ್ನೇ ಕೊಡಿರಿ. ಹಳೆಯ ಪಾರ್ಟಿಗಳು ಮೊದಲಿನ ವಿಳಾಸಕ್ಕೇ ಬರೆಯುವುದರಿಂದ ನಿಮ್ಮ ಎರಡನೆಯ ತೊಂದರೆಯೂ ಬಹುಮಟ್ಟಿಗೆ ತೀರುತ್ತದೆ. ಹೊಸ ವಿಳಾಸಕ್ಕೇ ಬರೆಯುವ ಹಳೆಯ ಪಾರ್ಟಿಗಳನ್ನು ಹೊರಗಿಡಲು ಬೇರೊಂದು ಫಿಲ್ಟರ್ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಇನ್ನೊಂದನ್ನು ತಡೆಯುವುದಿಲ್ಲ. ಪತ್ರಕ್ಕೆ ಹೊಂದುವ ಫಿಲ್ಟರ್‌ಗಳೆಲ್ಲ ಕೆಲಸ ಮಾಡುತ್ತವೆ. ಅವರ ವಿಳಾಸಗಳನ್ನು ಇದೇ ಫಿಲ್ಟರ್‌ನೊಳಗೆ ಕಳೆಯುವ ಚಿಹ್ನೆಯೊಂದಿಗೆ ಸೇರಿಸಬೇಕು.

ಉತ್ತರ: ಧಾರವಾಡದ ಕಂಪ್ಯೂಟರ್ ಉಪನ್ಯಾಸಕಿ

ಔಟ್‌ಲುಕ್ ಬಗ್ಗೆ ನಾನು ಹೇಳುತ್ತೇನೆ. ಹಳೆಯ ಔಟ್‌ಲುಕ್‌ನಲ್ಲಿ ಟೆಂಪ್ಲೇಟ್ ಬಳಸಿ ಉತ್ತರಿಸುವ ನಿಯಮವೊಂದಿದೆ, ಆದರೆ ಅದು ನಡೆಯುವುದು ನಿಮ್ಮ ಕಂಪ್ಯೂಟರಿನಲ್ಲಿಯೇ. ಔಟ್‌ಲುಕ್ ತೆರೆದಿರುವವರೆಗೆ ಮಾತ್ರ ಉತ್ತರ ಹೋಗುತ್ತದೆ. ಅದೂ ಒಬ್ಬರಿಗೆ ಒಮ್ಮೆ ಮಾತ್ರ, ಮತ್ತೆ ಮುಚ್ಚಿ ತೆರೆಯುವ ತನಕ. ರಾತ್ರಿಯೂ ಉತ್ತರ ಹೋಗಬೇಕಾದರೆ ಆ ಕೆಲಸ ಸರ್ವರಿನಲ್ಲಿ ಆಗಬೇಕು. ನಿಮ್ಮ ಡೊಮೇನಿನ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ ಎಂಬ ನಿರ್ವಹಣಾ ಫಲಕ ಇದ್ದರೆ ಅದರಲ್ಲಿ ತಾನಾಗಿ ಉತ್ತರ ಕಳಿಸುವ ಆಟೋರೆಸ್ಪಾಂಡರ್ ಎಂಬ ವಿಭಾಗವಿರುತ್ತದೆ. ದರ ವಿಚಾರಣೆಗೆಂದೇ ಪ್ರತ್ಯೇಕ ವಿಳಾಸ ಮಾಡಿ, ಅದಕ್ಕೆ ಮಾತ್ರ ಇದನ್ನು ಹಚ್ಚಿರಿ. ಒಬ್ಬರಿಗೆ ಮತ್ತೆ ಉತ್ತರಿಸುವ ಮೊದಲು ಎಷ್ಟು ಗಂಟೆ ಬಿಡಬೇಕೆಂದು ಅಲ್ಲಿ ಕೇಳುತ್ತದೆ; ಆ ಅಂತರವನ್ನು ಸೊನ್ನೆ ಇಡಬೇಡಿರಿ.

ಅಂತರದ ಮೇಲೆ ಇಷ್ಟು ಒತ್ತು ಕೊಡಲು ಕಾರಣ, ಎರಡೂ ಕಡೆ ತಾನಾಗಿ ಉತ್ತರಿಸುವ ವ್ಯವಸ್ಥೆ ಇದ್ದಾಗ ಒಂದರ ಉತ್ತರಕ್ಕೆ ಇನ್ನೊಂದು ಉತ್ತರಿಸುತ್ತ, ನೂರಾರು ಪತ್ರಗಳು ಸುತ್ತತೊಡಗಬಹುದು. ಇದನ್ನು ತಡೆಯಲೆಂದೇ 2004ರಲ್ಲಿ ಆರ್‌ಎಫ್‌ಸಿ 3834 ಎಂಬ ಇಂಟರ್ನೆಟ್ ಮಾನಕ ಬಂದಿತು. ತಾನಾಗಿ ಹೋಗುವ ಪತ್ರದ ತಲೆಬರಹದಲ್ಲಿ "ಆಟೋ-ಸಬ್ಮಿಟೆಡ್" ಎಂಬ ಗುರುತಿರಬೇಕು, ಆ ಗುರುತಿರುವ ಪತ್ರಕ್ಕೆ ಯಂತ್ರ ಮತ್ತೆ ಉತ್ತರಿಸಬಾರದು ಎಂಬುದು ಅದರ ಸಾರ. ಎಲ್ಲ ವ್ಯವಸ್ಥೆಗಳೂ ಇದನ್ನು ಪಾಲಿಸುತ್ತವೆಂದು ನಂಬಿ ಕೂರಲಾಗದು. ರಜೆಯಲ್ಲಿದ್ದಾಗ ತಾನಾಗಿ ಉತ್ತರಿಸುವ ಜಿಮೇಲ್‌ನ ವೆಕೇಶನ್ ರೆಸ್ಪಾಂಡರ್ ಒಬ್ಬರೇ ಮತ್ತೆ ಮತ್ತೆ ಬರೆದರೂ ನಾಲ್ಕು ದಿನಗಳಿಗೊಮ್ಮೆ ಮಾತ್ರ ಉತ್ತರಿಸುತ್ತದೆ, ಆದರೆ ಅದು ದರ ಕೇಳಿದವರು ಯಾರು, ಬ್ಯಾಂಕಿನ ಪತ್ರ ಯಾವುದು ಎಂದು ನೋಡುವುದಿಲ್ಲ.

ಉತ್ತರ: ಗದಗ-ಬೆಟಗೇರಿಯ ಕೈಮಗ್ಗ ಸೀರೆ ಮಾರಾಟಗಾರ್ತಿ

ತಂತ್ರದ ವಿಷಯವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಟೆಂಪ್ಲೇಟಿನಲ್ಲಿ ಏನು ಬರೆಯುತ್ತೀರಿ ಎಂಬುದು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ದಯವಿಟ್ಟು ಅದರಲ್ಲಿ ದರವನ್ನು ಬರೆಯಬೇಡಿರಿ ಅಣ್ಣಾ. ನಾಳೆ ಟೆಂಡರಿನಲ್ಲಿ ದರ ಏರಿದರೂ ಯಂತ್ರ ನಿನ್ನೆಯ ಅಂಕಿಯನ್ನೇ ಕಳಿಸುತ್ತದೆ. ಕೊಳ್ಳುವವರು ಅದನ್ನು ಮುಂದಿಟ್ಟು, ನೀವೇ ಬರೆದುಕೊಟ್ಟಿದ್ದೀರಿ ಎನ್ನುತ್ತಾರೆ. ಹಾಗೆ ಹೇಳುವ ಹಕ್ಕೂ ಅವರಿಗಿದೆ. ದರ ಹೇಳುವುದು ಅಂಗಡಿಯವರ ಮಾತಾಗಿಯೇ ಇರಲಿ.

ಯಂತ್ರದ ಉತ್ತರದಿಂದ ಕೇಳಬೇಕಾದುದನ್ನು ಕೇಳಿಸಿರಿ. ಡಬ್ಬಿಯೋ ಕಡ್ಡಿಯೋ, ತೊಟ್ಟು ಸಹಿತವೋ ತೊಟ್ಟು ತೆಗೆದದ್ದೋ, ಎಷ್ಟು ಕ್ವಿಂಟಲ್, ಯಾವ ಊರಿಗೆ, ಬಣ್ಣದ ಗಾಢತೆಯನ್ನು ಅಳೆಯುವ ಆಸ್ಟಾ ಮೌಲ್ಯ ಎಷ್ಟಿರಬೇಕು ಎಂಬ ವಿವರ ಅವರಿಂದ ಬಂದಿದ್ದರೆ ಸಂಜೆ ನೀವು ಕುಳಿತು ಒಂದೇ ಪತ್ರದಲ್ಲಿ ವ್ಯವಹಾರ ಮಾತಾಡಬಹುದು. ನಾವು ಸೀರೆಯ ಬಣ್ಣ, ಅಂಚಿನ ಅಳತೆ ಮತ್ತು ಬೇಕಾದ ತಾರೀಖನ್ನು ಹೀಗೆಯೇ ಕೇಳುತ್ತೇವೆ. ಇದು ತಾನಾಗಿ ಹೋಗುವ ಉತ್ತರವೆಂದು ಮೊದಲ ಸಾಲಿನಲ್ಲಿಯೇ ತಿಳಿಸಿರಿ.

ಮರುಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ

ಮೂವರಿಗೂ ಧನ್ಯವಾದಗಳು. ಪ್ಲಸ್ ವಿಳಾಸದ ಫಿಲ್ಟರ್ ಸರಿಯಾಗಿ ನಡೆಯುತ್ತಿದೆ. ಅಕ್ಕಾವರು ಹೇಳಿದಂತೆ ಒಕ್ಕಣೆಯನ್ನು ಹೀಗೆ ತಿದ್ದಿದ್ದೇನೆ: "ನಿಮ್ಮ ಪತ್ರ ತಲುಪಿದೆ. ಇದು ತಾನಾಗಿ ಹೋಗುತ್ತಿರುವ ಉತ್ತರ. ಕೆಳಗಿನ ವಿವರಗಳನ್ನು ತಿಳಿಸಿದರೆ ಇಂದು ಸಂಜೆ 7 ಗಂಟೆಯೊಳಗೆ ಅಂಗಡಿಯಿಂದ ದರ ಬರೆದು ತಿಳಿಸುತ್ತೇವೆ." ಇದು ಸರಿಯಿದೆಯೇ?

ಉತ್ತರ: ಹುಬ್ಬಳ್ಳಿಯ ಸಿಸ್ಟಂ ನಿರ್ವಾಹಕ

"ಇಂದು ಸಂಜೆ" ಎಂಬುದನ್ನು ತೆಗೆಯಿರಿ ಸರ್. ಪತ್ರ ಎಷ್ಟು ಹೊತ್ತಿಗೆ ಬಂದಿತೆಂದು ಟೆಂಪ್ಲೇಟಿಗೆ ತಿಳಿಯದು. ರಾತ್ರಿ 10 ಗಂಟೆಗೆ ಬರೆದವರಿಗೂ ಅದೇ ಸಾಲು ಹೋಗುತ್ತದೆ. "ಮಧ್ಯಾಹ್ನ 3ರೊಳಗೆ ಬಂದ ಪತ್ರಗಳಿಗೆ ಅದೇ ದಿನ, ನಂತರ ಬಂದವುಗಳಿಗೆ ಮರುದಿನ" ಎಂದು ಬರೆದರೆ ಯಾವ ಹೊತ್ತಿಗೂ ಹೊಂದುತ್ತದೆ.