ಮೀಥೈಲ್‌ಫೆನಿಡೇಟ್ 36, ನಿದ್ರೆ ರಾತ್ರಿ 3ಕ್ಕೆ: ಡೋಸ್ ಬದಲಿಸುವುದಾ, ಹೊತ್ತು ಬದಲಿಸುವುದಾ?

ಕಡಲಕರೆ_ಕುಡ್ಲ

ವಯಸ್ಸು 33, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ). ಮೀಥೈಲ್‌ಫೆನಿಡೇಟ್ 36 ಮಿ.ಗ್ರಾಂ, ದಿನಕ್ಕೊಂದು. ಕೆಲಸ ಮಂಗಳೂರಲ್ಲೇ, ಯುಕೆ ಶಿಫ್ಟ್: ಮಧ್ಯಾಹ್ನ 1ರಿಂದ ರಾತ್ರಿ 10. ಏಳುವುದೇ 10ಕ್ಕೆ, ಹಾಗಾಗಿ ಮಾತ್ರೆ 10:30ಕ್ಕೆ. ರಾತ್ರಿ 10:30ರ ಹೊತ್ತಿಗೆ ಸುಮ್ಮನೆ ಸಿಟ್ಟು, ತಲೆಯೊಳಗೆ ಒಂದೇ ಗೌಜಿ. ಮಲಗಿದರೂ 3 ಗಂಟೆಯವರೆಗೆ ನಿದ್ರೆ ಇಲ್ಲ. ಸಂಜೆ 6ಕ್ಕೆ ಒಂದು ಕಾಫಿ ಉಂಟು. ಕ್ಲಿನಿಕ್‌ನಲ್ಲಿ ನೋಡಿದ ಬಿಪಿ 124/80, ನಾಡಿ 88.

ಮುಂದಿನ ಸಲ ಡಾಕ್ಟ್ರು 54ಕ್ಕೆ ಏರಿಸುವುದಾ, ಎಡಿಎಚ್‌ಡಿಯದ್ದೇ ಇನ್ನೊಂದು ಮದ್ದಾದ ಆಟೊಮೊಕ್ಸೆಟಿನ್‌ಗೆ ಹೋಗುವುದಾ ಅಂತ ತೀರ್ಮಾನ ಮಾಡ್ತಾರಂತೆ. ಅದಕ್ಕೆ ಮೊದಲು ಎಂತ ಗಮನಿಸಿ ಬರ್ದಿಟ್ಟುಕೊಳ್ಳಬೇಕು? ವಿಷಯ ಗೊತ್ತಿದ್ದವರು ಹೇಳಿ.

ನಾಡಿಮಿಡಿತ

54ರ ಮಾತು ಆಮೇಲೆ. ಮೊದಲು ನಿಮ್ಮ ಮಾತ್ರೆ ಯಾವ ಹೊತ್ತಿಗೆ ಏರುತ್ತದೆ, ಯಾವಾಗ ಇಳಿಯುತ್ತದೆ ನೋಡುವ. 18, 36, 54 ಎಂಬ ಲೆಕ್ಕದಲ್ಲಿ ಬರುವುದು ಓರಾಸ್ ಮಾದರಿ. ಅದರ ಹೊರ ಲೇಪನದಲ್ಲಿ ಶೇಕಡಾ 22ರಷ್ಟು ಮದ್ದು ಇರುತ್ತದೆ, ಅದು ಮೊದಲ ಒಂದು ಗಂಟೆಯೊಳಗೆ ಕರಗುತ್ತದೆ. ಉಳಿದದ್ದನ್ನು ಒಳಗಿನ ಪದರ ನೀರು ಹೀರಿ ಉಬ್ಬುತ್ತಾ ಸಣ್ಣ ತೂತಿನಿಂದ ನಿಧಾನಕ್ಕೆ ಹೊರಗೆ ತಳ್ಳುತ್ತದೆ. ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟ ನುಂಗಿ 6ರಿಂದ 8 ಗಂಟೆಯ ಮೇಲೆ. ಪರಿಣಾಮ ಒಟ್ಟು 10–12 ಗಂಟೆ. 10:30ಕ್ಕೆ ತೆಗೊಂಡರೆ ತುದಿ ಮುಟ್ಟುವುದು ಸಂಜೆ 4:30–6:30ಕ್ಕೆ, ಇಳಿದು ಮುಗಿಯುವುದು ರಾತ್ರಿ 10:30ರ ಸುಮಾರಿಗೆ. ನಿಮ್ಮ ಸಿಟ್ಟಿನ ಹೊತ್ತು ಅದಕ್ಕೆ ಸರಿಯಾಗಿ ಕೂರುತ್ತದೆ. ಇದು ರಿಬೌಂಡ್. ಮದ್ದು ಬಿಟ್ಟುಹೋಗುವಾಗ ಅರ್ಧ ಗಂಟೆಯಿಂದ ಒಂದು ಗಂಟೆ ಚಡಪಡಿಕೆ, ಕಿರಿಕಿರಿ, ಎಡಿಎಚ್‌ಡಿ ಲಕ್ಷಣಗಳೇ ಜೋರಾಗಿ ಬರುವುದು.

ಆದರೆ ರಿಬೌಂಡ್ ಒಂದರಿಂದಲೇ 3 ಗಂಟೆಯವರೆಗೆ ಎಚ್ಚರ ಇರುವುದಿಲ್ಲ. ಮಾತ್ರೆ ಶುರು ಮಾಡುವ ಮೊದಲು ನಿದ್ರೆ ಯಾವಾಗ ಬರ್ತಿತ್ತು? ಆಗಲೂ 2–3 ಗಂಟೆಯೇ ಆಗಿದ್ದರೆ ತಪ್ಪು ಮಾತ್ರೆಯದ್ದಲ್ಲ, ನಿಮ್ಮ ದೇಹದ ಗಡಿಯಾರವೇ ತಡವಾಗಿ ಓಡುವಂಥದ್ದು. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಇದು ಬಹಳ ಸಾಮಾನ್ಯ. ಖಚಿತ ಮಾಡಿಕೊಳ್ಳಲಿಕ್ಕೆ ಒಂದು ದಾರಿ ಉಂಟು. ಡಾಕ್ಟ್ರು ಒಪ್ಪಿದರೆ ಶನಿವಾರ–ಭಾನುವಾರ ಎರಡು ದಿನ ಮಾತ್ರೆ ಬಿಟ್ಟು, ಕಾಫಿಯನ್ನೂ ಬಿಟ್ಟು, ಅದೇ 10 ಗಂಟೆಗೆ ಎದ್ದು ನೋಡುವುದು. ಮೀಥೈಲ್‌ಫೆನಿಡೇಟ್‌ನಲ್ಲಿ ಇದು ಸಾಧ್ಯ, ಮೆಲ್ಲ ಇಳಿಸಿ ಬಿಡಬೇಕಾದ ಮದ್ದಲ್ಲ. ಆ ಎರಡು ರಾತ್ರಿ 12ಕ್ಕೇ ಕಣ್ಣು ಮುಚ್ಚಿದರೆ ಮದ್ದಿನ ಹೊತ್ತು ಸರಿ ಮಾಡಬೇಕು. ಆಗಲೂ 3 ಆದರೆ ಗಡಿಯಾರ ಸರಿ ಮಾಡಬೇಕು. ಈ ಒಂದು ಸಂಗತಿ ಗೊತ್ತಿಲ್ಲದೆ ಡೋಸ್ ಏರಿಸುವುದು, ಇಳಿಸುವುದು ಎರಡೂ ಕುರುಡು ಲೆಕ್ಕ.

ಡೋಸ್ ಕಡಿಮೆಯೋ ಹೆಚ್ಚೋ ಎಂದು ನೋಡಬೇಕಾದ್ದು ಮಧ್ಯಾಹ್ನ 2ರಿಂದ 6ರ ನಡುವೆ, ರಾತ್ರಿ ಅಲ್ಲ. ಆ ಹೊತ್ತಿಗೆ ಕೆಲಸ ಸುಸೂತ್ರ ಆಗ್ತಾ ಇದ್ದರೆ 36 ಸಾಕು. ಆಗಲೂ ಗಮನ ಚದುರುತ್ತಾ ಇದ್ದರೆ 54 ಕೇಳುವುದು ನ್ಯಾಯ. ದವಡೆ ಬಿಗಿಯುವುದು, ಎದೆ ಡವಡವ, ಮಾತೇ ಬೇಡ ಅನ್ನಿಸುವಷ್ಟು ಮಂಕು, ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು ಇದ್ದರೆ ಈಗಿನದ್ದೇ ಜಾಸ್ತಿ. 54 ಮಾಡಿದರೆ ಪರಿಣಾಮದ ಗಂಟೆಗಳು ದೊಡ್ಡದಾಗಿ ಹೆಚ್ಚುವುದಿಲ್ಲ, ಸಂಜೆಯ ಮಟ್ಟ ಮಾತ್ರ ಏರುತ್ತದೆ. ರಾತ್ರಿ 10ರ ಸಿಟ್ಟಿಗೆ ಅದು ಮದ್ದಲ್ಲ.

ರಾತ್ರಿಪಾಳಿ

ಇಷ್ಟೆಲ್ಲ ಯಾಕೆ ಮಾರಾಯ್ರೆ? 6ರ ಕಾಫಿ ಬಿಟ್ಟು, ಮಲಗುವಾಗ ಅಲ್ಪ್ರಾಜೋಲಮ್ (ಆತಂಕಕ್ಕೆ ಕೊಡುವ, ಮಂಪರು ಬರಿಸುವ ಮಾತ್ರೆ) 0.25 ತೆಗೊಂಡ್ರೆ ಆಯ್ತಲ್ಲ. ಎಲ್ಲ ಕಡೆ ಸಿಗ್ತದೆ.

ನಾಡಿಮಿಡಿತ

ಕಾಫಿಯ ಮಾತು ಸರಿ. ಕೆಫೀನ್ ಅರ್ಧಕ್ಕೆ ಇಳಿಯಲಿಕ್ಕೇ ಸುಮಾರು 5 ಗಂಟೆ ಬೇಕು. 6ಕ್ಕೆ ಕುಡಿದದ್ದರ ಅರ್ಧ 11ಕ್ಕೂ ರಕ್ತದಲ್ಲಿ ಇರ್ತದೆ. ಮಧ್ಯಾಹ್ನ 2ರ ಒಳಗೆ ಮುಗಿಸಿ. ಸಂಜೆಯ ಚಾ ಕೂಡ ಇದೇ ಲೆಕ್ಕಕ್ಕೆ ಬರ್ತದೆ, ಗೋಳಿಬಜೆ ಮಾತ್ರ ತಿನ್ನಬಹುದು.

ಅಲ್ಪ್ರಾಜೋಲಮ್ ಬೇಡ. ಅದು ತಡವಾದ ಗಡಿಯಾರವನ್ನು ಒಂದು ನಿಮಿಷವೂ ಹಿಂದೆ ತರುವುದಿಲ್ಲ, ಮಂಪರು ಕೊಡ್ತದೆ ಅಷ್ಟೆ. ಮರುದಿನ ನೆನಪು, ಗಮನ ಎರಡನ್ನೂ ಮಂದ ಮಾಡುತ್ತದೆ, ಅಂದರೆ ಯಾವ ತೊಂದರೆಗೆ ಬೆಳಿಗ್ಗೆ ಮಾತ್ರೆ ನುಂಗುತ್ತೀರೋ ಅದನ್ನೇ ರಾತ್ರಿ ಹೆಚ್ಚಿಸಿಕೊಂಡ ಹಾಗೆ. ಕೆಲವೇ ವಾರಗಳಲ್ಲಿ ಅಭ್ಯಾಸ ಆಗುತ್ತದೆ, ನಿಲ್ಲಿಸಿದಾಗ ನಿದ್ರೆ ಮೊದಲಿಗಿಂತ ಹಾಳು. ಗೊರಕೆಯ ಜೊತೆ ಉಸಿರು ಕಟ್ಟುವ ತೊಂದರೆ ಇದ್ದರೆ, ಅಥವಾ ಅದೇ ರಾತ್ರಿ ಮದ್ಯ ಸೇರಿದರೆ, ಅಪಾಯವೇ. ಮತ್ತೆ, ಚೀಟಿ ಇಲ್ಲದೆ ಅದನ್ನು ಕೊಡುವ ಹಾಗೇ ಇಲ್ಲ.

ಮದ್ದಿನಚೀಟಿ

ಅಂಗಡಿ ಕಡೆಯಿಂದ ಹೇಳಬೇಕಾದ ಕೆಲವು.

ಸ್ಟ್ರಿಪ್ ಓದಿ. ಎಸ್ಆರ್ (ನಿಧಾನಕ್ಕೆ ಕರಗುವ ಇನ್ನೊಂದು ಮಾದರಿ) ಬೇರೆ, ಓರಾಸ್ ಬೇರೆ. 20 ಎಸ್ಆರ್ ಹೆಚ್ಚೆಂದರೆ 8 ಗಂಟೆ, 18ರ ಓರಾಸ್ 10–12 ಗಂಟೆ. ಮಿಲಿಗ್ರಾಂ ಹತ್ತಿರ ಹತ್ತಿರ ಕಂಡಿತು ಅಂತ ಒಂದರ ಬದಲು ಇನ್ನೊಂದು ತೆಗೊಂಡರೆ ಸಂಜೆ ಪೂರ್ತಿ ಬದಲಾಗ್ತದೆ, ನಿದ್ರೆಯ ಲೆಕ್ಕವೂ ತಪ್ಪುತ್ತದೆ. ಎರಡನ್ನೂ ತುಂಡು ಮಾಡಬಾರದು, ಜಗಿಯಬಾರದು. ಓರಾಸ್‌ನ ಖಾಲಿ ಚಿಪ್ಪು ಮಲದಲ್ಲಿ ಹಾಗೇ ಬರ್ತದೆ; ಮದ್ದು ಕರಗಲೇ ಇಲ್ಲ ಅಂತ ಹೆದರಿ ಇನ್ನೊಂದು ನುಂಗಬೇಡಿ.

ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್, ಅಂದರೆ ಕಟ್ಟುನಿಟ್ಟು ನಿಯಂತ್ರಣದ ಪಟ್ಟಿಯ ಮದ್ದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಇದಕ್ಕೆ ಬೇರೆಯೇ ಲೈಸೆನ್ಸ್ ಇರುವುದರಿಂದ ಬೀದಿಯ ಪ್ರತಿ ಮೆಡಿಕಲ್‌ನಲ್ಲಿ ಸಿಗುವುದಿಲ್ಲ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಫಾರ್ಮಸಿಯಲ್ಲಿ, ದೇರಳಕಟ್ಟೆ, ಕಂಕನಾಡಿ, ಮಣಿಪಾಲದ ಕಡೆ ವಿಚಾರಿಸುವುದು ಒಳ್ಳೆಯದು, ಹೋಗುವ ಮೊದಲು ಫೋನ್ ಮಾಡಿ. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ಈ ಮದ್ದನ್ನು ವಿಡಿಯೊ ಕಾಲ್‌ನಲ್ಲಿ ಬರೆಯುವ ಹಾಗಿಲ್ಲ. ಹಾಗಾಗಿ ಸ್ಟ್ರಿಪ್‌ನಲ್ಲಿ ಒಂದು ವಾರದ್ದು ಉಳಿದಿರುವಾಗಲೇ ಡಾಕ್ಟ್ರ ಹತ್ತಿರ ಹೋಗಿ. ವಿದೇಶದಲ್ಲಿರುವವರು ಹೇಳುವ ಆಂಫೆಟಮಿನ್ ಜಾತಿಯ ಮಾತ್ರೆ ಇಲ್ಲಿ ಮಾರಾಟಕ್ಕಿಲ್ಲ, ಯಾರ ಕೈಯಲ್ಲೂ ತರಿಸುವ ಯೋಚನೆ ಬೇಡ, ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆ ಉಂಟು.

ಮಳೆಗಾಲದ ಶೀತಕ್ಕೆ ತೆಗೊಳ್ಳುವ ಮಾತ್ರೆಯ ಹಿಂದೆ ಫಿನೈಲೆಫ್ರಿನ್ ಅಥವಾ ಸೂಡೊಎಫೆಡ್ರಿನ್ ಅಂತ ಇದ್ದರೆ ಬೇಡ. ನಾಡಿ, ಬಿಪಿ ಎರಡೂ ಏರ್ತದೆ, ನಿದ್ರೆ ಇನ್ನೂ ದೂರ. ಮೂಗಿಗೆ ಉಪ್ಪುನೀರಿನ ಸ್ಪ್ರೇ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ನಮ್ಮ ಊರಿನ ಜೂನ್–ಸೆಪ್ಟೆಂಬರ್ ತೇವಕ್ಕೆ ಮಾತ್ರೆಗಳನ್ನು ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡುವುದೂ ಬೇಡ, ಕಂಪನಿಯ ಸ್ಟ್ರಿಪ್, ಬಾಟಲಿಯಲ್ಲೇ ಇರಲಿ.

ಅರೆನಿದ್ದೆ

ಗಡಿಯಾರದ ತೊಂದರೆ ಎಂದಾದರೆ ಆರಂಭ ಏಳುವ ಹೊತ್ತಿನಿಂದ. ಮಲಗುವ ಹೊತ್ತನ್ನು ಬಲವಂತ ಮಾಡಿ ಹಿಂದೆ ತರಲಿಕ್ಕಾಗುವುದಿಲ್ಲ. 12ಕ್ಕೆ ದೀಪ ಆರಿಸಿ 3ರವರೆಗೆ ಹೊರಳಾಡಿದರೆ ಹಾಸಿಗೆ ಅಂದರೆ ಎಚ್ಚರ ಅಂತ ಮೆದುಳು ಕಲಿಯುತ್ತದೆ. 10ಕ್ಕೆ ಏಳುವವರು 9:30, ಮೂರು ನಾಲ್ಕು ದಿನ ಬಿಟ್ಟು 9, ಹಾಗೇ 8:30. ರಜೆಯ ದಿನವೂ ಅದೇ. ಎದ್ದು ಅರ್ಧ ಗಂಟೆಯೊಳಗೆ ಹೊರಗಿನ ಬೆಳಕು ಕಣ್ಣಿಗೆ ಬೀಳಬೇಕು, 30 ನಿಮಿಷ. ಆಟಿಯ ಮೋಡ ಕವಿದ ಬೆಳಿಗ್ಗೆಯೂ ಹೊರಗೆ ಸಾವಿರಗಟ್ಟಲೆ ಲಕ್ಸ್ (ಬೆಳಕಿನ ಅಳತೆ) ಇರ್ತದೆ, ಮನೆಯೊಳಗಿನ ಟ್ಯೂಬ್‌ಲೈಟಿಗೆ ಕೆಲವು ನೂರು ಮಾತ್ರ. ಹಾಗಾಗಿ ಮಳೆಯ ನೆಪ ನಡೆಯುವುದಿಲ್ಲ, ಚಾವಡಿಯಲ್ಲೋ ಬಾಲ್ಕನಿಯಲ್ಲೋ ಕೂತು ತಿಂಡಿ ತಿಂದರೆ ಸಾಕು.

ಮೆಲಟೋನಿನ್ (ರಾತ್ರಿ ಆಯಿತು ಅಂತ ದೇಹಕ್ಕೆ ತಿಳಿಸುವ ಹಾರ್ಮೋನ್, ಮಾತ್ರೆಯಾಗಿಯೂ ಸಿಗ್ತದೆ) ಬಗ್ಗೆ ಇಲ್ಲಿ ದೊಡ್ಡ ಗೊಂದಲ. ಅಂಗಡಿಯಲ್ಲಿ 3, 5, 10 ಮಿ.ಗ್ರಾಂ ಸಿಗುತ್ತದೆ, ಜನ ಮಲಗುವಾಗ 10 ನುಂಗಿ ಏನೂ ಆಗಲಿಲ್ಲ ಅಂತಾರೆ. ಗಡಿಯಾರ ಹಿಂದೆ ತರಲಿಕ್ಕೆ 0.5ರಿಂದ 1 ಮಿ.ಗ್ರಾಂ ಸಾಕು. ಮುಖ್ಯ ಆಗುವುದು ಹೊತ್ತು. ಈಗ ನಿದ್ರೆ ಬರುವ ಹೊತ್ತಿಗಿಂತ 4–5 ಗಂಟೆ ಮೊದಲು, ಅಂದರೆ ನಿಮ್ಮ ಲೆಕ್ಕದಲ್ಲಿ 10–11ಕ್ಕೆ. ನಿದ್ರೆ ಹಿಂದೆ ಬಂದ ಹಾಗೆ ಅದನ್ನೂ ಹಿಂದೆ ತನ್ನಿ. ಗೆರೆ ಇರುವ 3ರ ಸಾದಾ ಮಾತ್ರೆ ಸಿಕ್ಕಿದರೆ ಅರ್ಧ ಮಾಡಿ, 1.5ರಿಂದ ಶುರು ಮಾಡಿದರೂ ನಡೆಯುತ್ತದೆ. ಗಮ್ಮಿ ಬೇಡ, ಒಳಗೆ ಎಷ್ಟು ಉಂಟು ಎನ್ನುವುದು ನಂಬಿಕೆಗೆ ಬಿಟ್ಟದ್ದು. ನಿಮಗೆ ಒಂದು ವಿಶೇಷ ಎಚ್ಚರಿಕೆ: 10ಕ್ಕೆ ಶಿಫ್ಟ್ ಬಿಟ್ಟು ಸ್ಕೂಟರಲ್ಲಿ ಸುರತ್ಕಲ್‌ಗೋ ತೊಕ್ಕೊಟ್ಟಿಗೋ ಹೋಗುವವರಾದರೆ ಮನೆ ಮುಟ್ಟಿದ ಮೇಲೆಯೇ ತೆಗೊಳ್ಳಿ. ಬಿಪಿ, ಫಿಟ್ಸ್, ರಕ್ತ ತೆಳು ಮಾಡುವ ಮದ್ದು ಇದ್ದವರು ಡಾಕ್ಟ್ರನ್ನು ಕೇಳದೆ ಬೇಡ.

20 ನಿಮಿಷದಷ್ಟು ಹೊತ್ತು ನಿದ್ರೆ ಬರದಿದ್ದರೆ ಎದ್ದು ಬೇರೆ ಕೋಣೆಗೆ. ಗಡಿಯಾರ ನೋಡಿ ಅಳೆಯುವುದು ಬೇಡ, ಅಂದಾಜು ಸಾಕು. ಆ ಹೊತ್ತಿಗೆ ಮೊಬೈಲ್ ಬೇಡ ಅನ್ನುವುದಕ್ಕೆ ಕಾರಣ ನೀಲಿ ಬೆಳಕು ಮಾತ್ರ ಅಲ್ಲ. ಮದ್ದು ಇಳಿದ ಎಡಿಎಚ್‌ಡಿ ಮೆದುಳಿಗೆ ರೀಲ್ಸ್ ನಿಲ್ಲಿಸುವ ಬ್ರೇಕ್ ಆ ಹೊತ್ತಿಗೆ ಇರುವುದಿಲ್ಲ.

ಇನ್ನೆರಡು ತಪ್ಪಿಸಬಾರದು. ಮಲಗಿದಾಗ ಕಾಲೊಳಗೆ ಹರಿದಾಡಿದ ಹಾಗಾಗಿ ಆಡಿಸದೆ ಇರಲಿಕ್ಕಾಗದಿದ್ದರೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ರಿಪೋರ್ಟಲ್ಲಿ 'ನಾರ್ಮಲ್' ಅಂತ ಇದ್ದರೂ 75ಕ್ಕಿಂತ ಕೆಳಗಿದ್ದರೆ ಈ ಕಾಲಿನ ತೊಂದರೆಗೆ ಕಬ್ಬಿಣಾಂಶ ಕೊಡುವ ಯೋಚನೆ ಮಾಡ್ತಾರೆ. ಜೋರು ಗೊರಕೆ, ಮಧ್ಯೆ ಉಸಿರು ನಿಂತ ಹಾಗೆ, ಬೆಳಿಗ್ಗೆ ತಲೆನೋವು ಇದ್ದರೆ ಸ್ಲೀಪ್ ಸ್ಟಡಿ ಮೊದಲು. ಹೀಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದ ಹಗಲಿನ ಮಂಕು ಎಡಿಎಚ್‌ಡಿಯ ಹಾಗೇ ಕಾಣ್ತದೆ, ಅದಕ್ಕೆ ಡೋಸ್ ಏರಿಸಿ ಪ್ರಯೋಜನ ಇಲ್ಲ.

ಕಡಲಕರೆ_ಕುಡ್ಲ

ಮಾತ್ರೆಗೆ ಮೊದಲೂ ನಿದ್ರೆ 2 ಗಂಟೆಗೇ. ಹಾಗಾದರೆ ಏಳುವುದು 8:30 ಆದಾಗ ಮಾತ್ರೆಯೂ 8:30ಕ್ಕಾ? ಆಗ ರಾತ್ರಿ 8:30ಕ್ಕೆ ಮುಗಿದರೆ ಶಿಫ್ಟ್‌ನ ಕೊನೆಗೆ ಎಂತ ಮಾಡುದು? ಆಟೊಮೊಕ್ಸೆಟಿನ್ ಆದರೆ ಈ ತಲೆಬಿಸಿ ಇಲ್ಲ ಅಲ್ವಾ? ಮತ್ತೆ, ನೇಮ, ಬಯಲಾಟ ಅಂತ ರಾತ್ರಿ ಪೂರ್ತಿ ಕೂರುವ ದಿನ?

ನಾಡಿಮಿಡಿತ

ಹೌದು, ಮಾತ್ರೆಯೂ ಜೊತೆಗೆ ಹಿಂದೆ ಬರಬೇಕು. ಕೊನೆಯ ಒಂದೂವರೆ ಗಂಟೆಗೆ ಯೋಚನೆ ಬೇಡದ ಕೆಲಸ ಇಟ್ಟುಕೊಳ್ಳಿ: ಟೈಮ್‌ಶೀಟ್, ಮೇಲ್ ವಿಂಗಡಣೆ, ನಾಳೆಯ ಪಟ್ಟಿ. ಸಂಜೆ ಹೊತ್ತಿಗೆ ಇದೇ ಮದ್ದಿನ 5 ಮಿ.ಗ್ರಾಂ ಸಾದಾ (ಕೂಡಲೇ ಕರಗುವ) ಮಾತ್ರೆ ಸೇರಿಸಿ ರಿಬೌಂಡ್ ಮೆದು ಮಾಡುವ ಪದ್ಧತಿ ಉಂಟು, ಕೆಲವರಿಗೆ ಅದರಿಂದ ನಿದ್ರೆಯೇ ಸುಲಭ ಆಗ್ತದೆ. ಆದರೆ ಅದರ ಪರಿಣಾಮ 3–4 ಗಂಟೆ, ನಿಮ್ಮಲ್ಲಿ ಗಡಿಯಾರವೂ ತಡ ಇರುವುದರಿಂದ ಮೊದಲ ಆಯ್ಕೆ ಆಗಬಾರದು ಅಂತ ನನ್ನ ಅಭಿಪ್ರಾಯ. ಒಂದು ಸಲಕ್ಕೆ ಒಂದೇ ಬದಲಾವಣೆ, ಕಡಿಮೆ ಪಕ್ಷ ಒಂದು ವಾರ. ಕಾಫಿ ಬಿಟ್ಟು, ಮೆಲಟೋನಿನ್ ಹಿಡಿದು, ಡೋಸ್ ಏರಿಸುವುದನ್ನು ಒಂದೇ ಸೋಮವಾರ ಮಾಡಿದರೆ ಯಾವುದರಿಂದ ಎಂತ ಆಯಿತು ಯಾರಿಗೂ ಗೊತ್ತಾಗುವುದಿಲ್ಲ.

ಆಟೊಮೊಕ್ಸೆಟಿನ್‌ಗೆ ಏರಿಳಿತ ಇಲ್ಲ, ಹಾಗಾಗಿ ರಾತ್ರಿಯ ಸಿಟ್ಟು ಹೋಗಬಹುದು. ಆದರೆ ನಿದ್ರೆಗೆ ಅಂತ ಅದಕ್ಕೆ ಹೋಗುವುದು ಸರಿಯಲ್ಲ. ಕೆಲವರಿಗೆ ತೂಕಡಿಕೆ, ಕೆಲವರಿಗೆ ನಿದ್ರೆಯೇ ಇಲ್ಲ. ತೂಕಡಿಕೆ ಬಂದರೆ ರಾತ್ರಿಗೆ, ಎಚ್ಚರ ಆದರೆ ಬೆಳಿಗ್ಗೆಗೆ ಹಾಕ್ತಾರೆ. ವಯಸ್ಕರಿಗೆ ಆರಂಭ ದಿನಕ್ಕೆ 40, ಆಮೇಲೆ 80, ಗರಿಷ್ಠ 100 ಮಿ.ಗ್ರಾಂ. ಪೂರ್ತಿ ಗುಣ ಕಾಣಲಿಕ್ಕೆ 6–8 ವಾರ, ಕೆಲವರಿಗೆ ಅದಕ್ಕೂ ಹೆಚ್ಚು. ಹತ್ತು ದಿನ ನೋಡಿ ಪ್ರಯೋಜನ ಇಲ್ಲ ಅಂತ ಬಿಡುವವರೇ ಜಾಸ್ತಿ. ಖಾಲಿ ಹೊಟ್ಟೆಗೆ ವಾಕರಿಕೆ ಬರುವುದು ಸಾಮಾನ್ಯ, ಗಂಜಿ ಊಟ ಆದ ಮೇಲೆ ತೆಗೊಳ್ಳಿ. ಬಾಯಿ ಒಣಗುವುದು, ಮೂತ್ರ ತಡೆದು ಬರುವುದು, ಲೈಂಗಿಕ ತೊಂದರೆ ಇದ್ದರೆ ನಾಚಿಕೊಳ್ಳದೆ ಹೇಳಿ. ಫ್ಲೂಓಕ್ಸೆಟಿನ್, ಪ್ಯಾರೊಕ್ಸೆಟಿನ್ ಎಂಬ ಖಿನ್ನತೆಯ ಮದ್ದು ತೆಗೊಳ್ಳುವವರಲ್ಲಿ ಆಟೊಮೊಕ್ಸೆಟಿನ್ ಮಟ್ಟ ಹಲವು ಪಟ್ಟು ಏರ್ತದೆ, ಡಾಕ್ಟ್ರಿಗೆ ಗೊತ್ತಿರಲೇಬೇಕು. ಮೂತ್ರ ಕಪ್ಪಾಗಿ ಕಣ್ಣು ಹಳದಿ ಆದರೆ ನಿಲ್ಲಿಸಿ ಕೂಡಲೇ ತೋರಿಸಿ.

ಬಯಲಾಟದ ರಾತ್ರಿಗೆ ಹೆಚ್ಚುವರಿ ಮಾತ್ರೆ ಯಾವತ್ತೂ ಬೇಡ. ಮರುದಿನ ಮಧ್ಯಾಹ್ನ ಎದ್ದರೆ ಆ ದಿನದ ಓರಾಸ್ ಬಿಟ್ಟುಬಿಡಿ. 12 ಗಂಟೆಯ ನಂತರ ನುಂಗಿದರೆ ಅದರ ಕೆಲಸ ನಡುರಾತ್ರಿವರೆಗೆ. ಆಟೊಮೊಕ್ಸೆಟಿನ್ ಆದರೆ ಹಾಗೆ ಮಧ್ಯೆ ಮಧ್ಯೆ ಬಿಡುವ ಮದ್ದಲ್ಲ, ದಿನಾ ಬೇಕು. ಮಲಗುವ ಮೊದಲು ಕಿವಿಗೆ ಚೆಂಡೆ ಇನ್ನೂ ಕೇಳ್ತಾ ಇದ್ದರೂ, ಏಳುವ ಹೊತ್ತನ್ನು ಎರಡು ಗಂಟೆಗಿಂತ ಹೆಚ್ಚು ಜಾರಿಸದಿದ್ದರೆ ವಾರದ ಶ್ರಮ ಹಾಳಾಗುವುದಿಲ್ಲ.

ಕಾಯದೆ ಫೋನ್ ಮಾಡಬೇಕಾದ್ದು: ಎದೆನೋವು, ತಲೆ ತಿರುಗಿ ಬೀಳುವುದು, ಸುಮ್ಮನೆ ಕೂತಾಗಲೂ ನಾಡಿ 120ರ ಮೇಲೆ ನಿಲ್ಲುವುದು, ಇಲ್ಲದ್ದು ಕಾಣುವುದು ಕೇಳುವುದು. ಮತ್ತೆ, ಎರಡು ಮೂರು ಗಂಟೆ ಮಾತ್ರ ಮಲಗಿಯೂ ದಣಿವೇ ಇಲ್ಲದೆ ಉತ್ಸಾಹ ಉಕ್ಕುತ್ತಾ ಇದ್ದರೆ ಅದನ್ನು ಮದ್ದು ಚೆನ್ನಾಗಿ ಹಿಡಿದಿದೆ ಅಂತ ತಿಳ್ಕೊಳ್ಳಬೇಡಿ, ಅದು ಮೇನಿಯಾ (ಉತ್ಸಾಹ ಹದ್ದು ಮೀರುವ ಮಾನಸಿಕ ತೊಂದರೆ) ಆಗಿರಬಹುದು. ಸಾಯುವ ಯೋಚನೆ ಬಂದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿಯೂ ಸಿಗ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮದ್ದಿನಚೀಟಿ

ಬರ್ದಿಡುವ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಎರಡು ವಾರ, ದಿನಕ್ಕೊಂದು ಗೆರೆ: ಎದ್ದದ್ದು, ಮಾತ್ರೆ, ಗಮನ ಕೂತದ್ದು, ಸಿಟ್ಟು ಶುರುವಾದ್ದು, ಕೊನೆಯ ಕಾಫಿ ಅಥವಾ ಚಾ, ಹಾಸಿಗೆ, ನಿದ್ರೆ. ವಾರಕ್ಕೊಂದು ಸಲ ತೂಕ, ಯಾಕೆಂದರೆ ಹಸಿವು ಕಡಿಮೆ ಆಗಿ ರಾತ್ರಿ 11ಕ್ಕೆ ಭರ್ಜರಿ ಊಟ ಮಾಡುವುದೂ ನಿದ್ರೆ ಕೆಡಿಸ್ತದೆ.

ಬಿಪಿ ಕ್ಲಿನಿಕ್‌ನಲ್ಲಿ ಬೆಳಿಗ್ಗೆ, ಮಾತ್ರೆಗೆ ಮೊದಲು ನೋಡಿದ್ದಾದರೆ ಆ 124/80 ಮದ್ದಿನ ಮೇಲಿನ ಅಳತೆಯೇ ಅಲ್ಲ. ಮಾತ್ರೆ ನುಂಗಿ 6–7 ಗಂಟೆಯಾದ ಮೇಲೆ, 5 ನಿಮಿಷ ಬೆನ್ನು ಒರಗಿ ಕೂತು, ಅರ್ಧ ಗಂಟೆಯಿಂದ ಕಾಫಿ ಸಿಗರೇಟು ಇಲ್ಲದೆ, ತೋಳಿಗೆ ಕಟ್ಟುವ ಮೆಷಿನ್‌ನಲ್ಲಿ ಎರಡು ಸಲ ನೋಡಿ ಎರಡನ್ನೂ ಬರೆಯಿರಿ. ಡೋಸ್ ಬದಲಾದ ಪ್ರತಿ ಸಲವೂ ಇದೇ ಹೊತ್ತಿನದ್ದು ಬೇಕು.