ಅಮ್ಮನ ಕೋಣೆಗೆ ಏಸಿ: ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಸುಧೀರ: (ಏಸಿ ಜಾಹೀರಾತನ್ನು ಹಂಚಿಕೊಂಡು) ದಾವಣಗೆರೆಯಲ್ಲಿ ಯುಗಾದಿಗೆ ಮೊದಲೇ ಬಿಸಿಲು ಹೀಗಿದ್ದರೆ ಮೇ ತಿಂಗಳಲ್ಲಿ ಅಮ್ಮನ ಗತಿಯೇನು? ತಿಂಗಳಿಗೆ 3,200 ರೂಪಾಯಿಯ 12 ಕಂತುಗಳನ್ನು ನಾವು ಮೂವರು ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ.

ಅತ್ತಿಗೆ: ಸುಧೀರ, ನಿನ್ನ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಕಂತು ಹಂಚಿಹೋದರೂ ಕರೆಂಟಿನ ಖರ್ಚು ಈ ಮನೆಯ ಮೇಲೆಯೇ ಬೀಳುತ್ತದೆ. ಈಗ ತಿಂಗಳಿಗೆ 120 ಯೂನಿಟ್ ಆಸುಪಾಸು ಬಳಸುವುದರಿಂದ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದೆ. ಏಸಿ ಗಂಟೆಗೆ ಒಂದೇ ಯೂನಿಟ್ ಎಳೆಯುತ್ತದೆಂದು ಹಿಡಿದರೂ ರಾತ್ರಿಗೆ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್ ಸೇರುತ್ತದೆ. ಒಟ್ಟು ಬಳಕೆ ಯೋಜನೆಯ ಮಿತಿಯಾದ 200 ಯೂನಿಟ್ ದಾಟಿದರೆ ಹೆಚ್ಚುವರಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲಿಗೇ ಹಣ ಕಟ್ಟಬೇಕು. ಯೂನಿಟ್‌ಗೆ ಆರು ರೂಪಾಯಿ ಎಂದುಕೊಂಡರೂ 2,000 ಮೀರುತ್ತದೆ, ನಿಗದಿತ ಶುಲ್ಕ ಬೇರೆ. ಮಕ್ಕಳ ಶಾಲೆಯ ಮೊದಲ ಕಂತು, ನೀರಿನ ಟ್ಯಾಂಕರ್, ವರ್ಷಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲವೂ ಇದೇ ಎರಡು ತಿಂಗಳಲ್ಲಿ ಬರುತ್ತವೆ.

ಸುಧೀರ: ಲೆಕ್ಕ ಒಪ್ಪಿದೆ, ಅತ್ತಿಗೆ. ಆದರೆ ಕಳೆದ ವಾರ ಬಂದಿದ್ದಾಗ ಅಮ್ಮ ನಡುರಾತ್ರಿ ಮಂಚ ಬಿಟ್ಟು, ನಡುಮನೆಯ ಗಾರೆ ನೆಲದ ಮೇಲೆ ಒದ್ದೆ ಟವೆಲ್ ಹಾಸಿಕೊಂಡು ಮಲಗಿದ್ದನ್ನು ನೋಡಿದೆ. ಎಪ್ಪತ್ತನಾಲ್ಕರ ಜೀವ ಅದು. ಬಿಲ್ಲು ಶೂನ್ಯ ಬರಲೆಂದು ಅವರು ಹಾಗೆ ಮಲಗಬೇಕೇ?

ಅಕ್ಕ: ಮಲಗಬಾರದು. ಆದರೆ ಆ ಕೋಣೆ ಏಕೆ ಕಾಯುತ್ತದೆ ಎಂಬುದನ್ನು ಮೊದಲು ನೋಡೋಣ. ಪಡುವಣ ಗೋಡೆ ಸಂಜೆಯವರೆಗೂ ಬಿಸಿಲು ಕುಡಿಯುತ್ತದೆ. ರಾತ್ರಿ ಹತ್ತಕ್ಕೆ ಅಂಗೈ ಇಟ್ಟರೂ ಬೆಚ್ಚಗಿರುತ್ತದೆ. ಮೇಲೆ ಬರೀ ತಾರಸಿ. ತಾರಸಿಗೆ ಸುಣ್ಣ ಬಳಿಸಿ, ಮಂಚವನ್ನು ಮೂಡಣ ಕೋಣೆಗೆ ಹಾಕಿಸಿ, 75 ವ್ಯಾಟ್‌ನ ಹಳೆಯ ಫ್ಯಾನ್ ತೆಗೆದು ಕಡಿಮೆ ಕರೆಂಟ್ ಎಳೆಯುವ, 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ, ಇಡೀ ರಾತ್ರಿ ತಿರುಗಿದರೂ ಅರ್ಧ ಯೂನಿಟ್ ಸಾಕು. ಫ್ಯಾನಿನ ಹಣ ನನ್ನದು.

ಅತ್ತಿಗೆ: ಭಾನುವಾರವೇ ಸುಣ್ಣ ಬಳಿಸುತ್ತೇವೆ. ಏಪ್ರಿಲ್ 15ರವರೆಗೆ ನೋಡೋಣ. ಅಷ್ಟಾದ ಮೇಲೂ ಅತ್ತೆ ನೆಲಕ್ಕಿಳಿದರೆ ಏಸಿ ತರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆಗ ಕಂತಿನ ಜೊತೆಗೆ ಕರೆಂಟ್ ಬಿಲ್ಲನ್ನೂ ಮೂರು ಪಾಲು ಮಾಡಬೇಕು.

ಸುಧೀರ: ಬಿಲ್ಲಿನಲ್ಲಿ ನನ್ನ ಪಾಲನ್ನು ತಿಂಗಳ ಐದನೇ ತಾರೀಖಿನೊಳಗೆ ಕಳುಹಿಸುತ್ತೇನೆ. ಆದರೆ 15 ಎಂದರೆ 15, ಅತ್ತಿಗೆ. ಅದರಾಚೆಗೆ ಒಂದು ದಿನವೂ ಮುಂದೂಡುವುದು ಬೇಡ.